ಗೋಲಿನ ಹಿಂದಿನ ಚಪ್ಪಡಿ ಕಲ್ಲು

ಅಣ್ಣ ನನ್ನ ಬಾಯಿಗೆ ಒಂದೇ ಒಂದು ಮಾತು ಕೊಟ್ಟು ದಾವಣಗೆರೆಗೆ ಕಳಿಸಿದ್ದ. ಅದನ್ನು ಹೇಳಬೇಕಾದ ಕಡೆ ನಾನು ಹೇಳಲಿಲ್ಲ. ಮರೆತುಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹರಿಹರದಿಂದ ಬಸ್ಸು ಹತ್ತಿದಾಗಿನಿಂದ ಅದನ್ನೇ ಬಾಯಿಪಾಠ ಮಾಡುತ್ತ ಹೋಗಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಶಾಲೆಯಲ್ಲಿ ಚೆನ್ನಾಗಿ ಕಲಿತದ್ದು ಬಾಯಿಪಾಠ ಮಾಡುವುದೊಂದೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗಂಡನ ಮನೆಯವರು ನನ್ನನ್ನು ವಾಪಸು ಕಳಿಸಿದಾಗ ಒಂದು ಮಾತೂ ಕೇಳದೆ ಒಳಗೆ ಕರೆದುಕೊಂಡವನು ಅಣ್ಣ. ಆಗ ಅವನು ಗುತ್ತೂರಿನ ಕಡೆಯ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಆಮೇಲೆ ಅವನ ಕಣ್ಣು ಮಂಜಾಗುತ್ತ ಬಂತು. ಕಣ್ಣಿನೊಳಗೆ ಒತ್ತಡ ಏರಿ ನರ ಸೊರಗಿದೆ, ತಡವಾಗಿ ಬಂದಿದ್ದೀರಿ ಎಂದರು ಡಾಕ್ಟರು. ಮೊದಲು ಪಕ್ಕದ್ದು ಕಾಣದಾಯಿತು, ಆಮೇಲೆ ಎದುರಿನದೂ. ಅವನು ಕೆಲಸ ಬಿಟ್ಟ. ನಾನು ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ತಳ್ಳುಗಾಡಿ ನಿಲ್ಲಿಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರಲು ಶುರು ಮಾಡಿದೆ. ನಮ್ಮಿಬ್ಬರ ಊಟ ಆ ಗಾಡಿಯದೇ.

ಮೈದಾನ ಎಂದರೆ ಸುತ್ತ ಏನೂ ಇಲ್ಲದ ಕೆಮ್ಮಣ್ಣಿನ ಬಯಲು. ಕಾರ್ಖಾನೆಗಳ ಮೊದಲ ಪಾಳಿ ಬಿಟ್ಟ ಮೇಲೆ ಜನ ನೇರವಾಗಿ ಅಲ್ಲಿಗೇ ಬರುತ್ತಿದ್ದರು. ಒಂದು ಗೋಲಿನ ಹಿಂದೆ, ಯಾವುದೋ ಮೋರಿ ಕಟ್ಟಿದಾಗ ಉಳಿದ ಚಪ್ಪಡಿ ಕಲ್ಲೊಂದು ಬಿದ್ದಿತ್ತು. ಅಣ್ಣನನ್ನು ಅದರ ಮೇಲೆ ಕೂರಿಸಿ ನಾನು ಸ್ಟೌವ್ ಹಚ್ಚುತ್ತಿದ್ದೆ. ಕಣ್ಣಿದ್ದಾಗ ಅವನು ನಮ್ಮ ಓಣಿಯ ತಂಡದಲ್ಲಿ ಗೋಲು ಕಾಯುವ ಗೋಲಿ. ಕಣ್ಣು ಹೋದ ಮೇಲೂ ಗೋಲಿನ ಹಿಂದೆಯೇ ಕೂತ. ಚೆಂಡು ನೆಲಕ್ಕೆ ತಾಗಿದ ಸದ್ದು, ಬೂಟಿನ ಸದ್ದು, ಆಡುವವರ ಏದುಸಿರು, ಒಬ್ಬರಿಗೊಬ್ಬರು "ಬಿಡ್ಲೇ, ಬಿಡ್ಲೇ" ಎನ್ನುವುದು ಎಲ್ಲವೂ ಅಲ್ಲಿಗೆ ಕೇಳುತ್ತಿತ್ತು. ಅವನ ತಲೆಯೊಳಗೆ ಆಟ ನಡೆಯುತ್ತಿತ್ತು. ಕೆಲವೊಮ್ಮೆ ಎದ್ದು ನಿಂತು, "ಎಡಕ್ಕ ಬರಾಕತ್ಯಾನ, ಎಡಕ್ಕ!" ಎಂದು ಕೂಗುತ್ತಿದ್ದ. ಗೋಲಿ ಎಡಕ್ಕೇ ಹಾರುತ್ತಿದ್ದ.

"ಕಣ್ಣಿರೋ ರೆಫರಿಗಿಂತ ನಿಮ್ಮಣ್ಣ ವಾಸಿ ಕಣವ್ವ," ಎಂದು ಆಟೋ ಓಡಿಸುವ ಒಬ್ಬ ಫುಟ್‌ಬಾಲ್ ಅಭಿಮಾನಿ ದಿನವೂ ನನ್ನ ಗಾಡಿಯ ಮುಂದೆ ನಿಂತು ಹೇಳುತ್ತಿದ್ದ. "ಸೀಟಿ ಒಂದು ಕೊಡ್ಸಿದ್ರೆ ಮುಗೀತು."

"ಸೀಟಿ ಬ್ಯಾಡ, ಮೊದ್ಲು ಹಳೇ ಬಾಕಿ ಕೊಡು," ಎಂದು ಅಣ್ಣ ಕಲ್ಲಿನ ಮೇಲಿಂದಲೇ ಕೂಗುತ್ತಿದ್ದ. ದಿನದಲ್ಲಿ ಅವನು ನಗುತ್ತಿದ್ದ ಹೊತ್ತು ಅದೊಂದೇ.

ಅದೇ ಬಯಲಿನಲ್ಲಿ ಸ್ಟೇಡಿಯಂ ಕಟ್ಟುತ್ತಾರೆ ಎಂದು ಸುದ್ದಿಯಾಯಿತು. ಯಾರೋ ನಕ್ಷೆಯ ಪ್ರತಿಯೊಂದನ್ನು ತಂದು ನನ್ನ ಗಾಡಿಯ ಗಾಜಿಗೆ ಅಂಟಿಸಿದರು. ಎಣ್ಣೆ ತಾಗಿ ಅದು ಒಂದೇ ವಾರಕ್ಕೆ ಪಾರದರ್ಶಕವಾಯಿತು, ಆದರೂ ಜನ ನೋಡುವುದು ಬಿಡಲಿಲ್ಲ. ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ.

"ಇದೇನ್ರೀ ಇದು, ಮುಂದುಗಡೆ ಕಮಾನು ಗಿಮಾನು? ಆಟ ನೋಡಾಕ ಬರ್ತೀವೋ, ಮದುವೆ ಊಟಕ್ಕೋ?" ಎಂದ ಆಟೋದವನು.

ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತರಾದ ಒಬ್ಬ ಟರ್ನರ್ ಇದ್ದರು. ಎಲ್ಲರೂ ಅವರನ್ನು ದೊಡ್ಡಪ್ಪ ಅನ್ನುತ್ತಿದ್ದರು. ಅವರು ನಕ್ಷೆಯ ಮೇಲೆ ಕೈ ಅಡ್ಡ ಇಟ್ಟು, "ಗ್ಯಾಲರಿ ಮುಖ ಪಡುವಣಕ್ಕ ಐತೆ. ಸಂಜಿಬಿಸಿಲು ಸೀದಾ ಕಣ್ಣಿಗೆ. ಚೆಂಡ್ ಯಾವ್ದು, ಸೂರ್ಯ ಯಾವ್ದು ಗೊತ್ತಾಗಲ್ಲ," ಎಂದರು.

ಬ್ಯಾಂಕಿನ ಗುಮಾಸ್ತನೊಬ್ಬ ಮೈದಾನದ ಸುತ್ತ ಓಡುವವರಿಗೆಂದು ಬಿಟ್ಟ ಜಾಗ ತೋರಿಸಿ ಹೇಳಿದ: "ಇಷ್ಟು ದೂರ ಕೂಡ್ಸಿದ್ರೆ, ಗೋಲ್ ಆದ್ರ ನಮಗೊಂದು ಕಾಗದ ಬರೀಬೇಕು ಅವರು."

ಅಣ್ಣ ನಗಲಿಲ್ಲ. ಅಂದು ಮನೆಗೆ ಬಂದ ಮೇಲೆ ನನ್ನನ್ನು ಕೂರಿಸಿಕೊಂಡು, "ನೀ ಹೇಳು, ಹೆಂಗೈತೆ?" ಎಂದ.

ನಾನು ಕಂಡಷ್ಟು ಹೇಳಿದೆ. ಆಟದ ಜಾಗ, ಅದರ ಸುತ್ತ ಓಟದ ದಾರಿ, ಆಮೇಲೆ ಚರಂಡಿ, ತಂತಿ ಬೇಲಿ, ಆಳೆತ್ತರದ ಮೇಲಿಂದ ಶುರುವಾಗುವ ಗ್ಯಾಲರಿ, ಅದರ ಮೇಲೆ ತಗಡಿನ ಚಾವಣಿ.

"ಗೋಲಿನ ಹಿಂದ?"

"ಗ್ವಾಡಿ."

ಅವನು ಪಕ್ಕದ ಗೋಡೆಯನ್ನು ಅಂಗೈಯಿಂದ ತಡವಿದ. ಆಮೇಲೆ, "ಹಂಗಾರ ನಾ ಎಲ್ಲಿ ಕೂಡ್ಲಿ?" ಎಂದ. ನನ್ನನ್ನು ಕೇಳಿದಂತಿರಲಿಲ್ಲ.

ಅದೇ ನಕ್ಷೆಯಲ್ಲಿ ನಾನು ಇನ್ನೊಂದನ್ನೂ ಕಂಡಿದ್ದೆ, ಅವನಿಗೆ ಹೇಳಿರಲಿಲ್ಲ. ಮೈದಾನದ ಸುತ್ತ ಕಾಂಪೌಂಡು ಬರುತ್ತಿತ್ತು. ಗಾಡಿ ನಿಲ್ಲಿಸಲು ಎಲ್ಲೂ ಜಾಗವಿರಲಿಲ್ಲ. ನನಗೆ ರಾತ್ರಿ ನಿದ್ದೆ ಹತ್ತದಂತಾಯಿತು.

ಅಭಿಮಾನಿಗಳೆಲ್ಲ ಸೇರಿ ದಾವಣಗೆರೆಯ ಎಂಜಿನಿಯರ್ ಕಚೇರಿಗೆ ಹೋಗುವುದೆಂದು ತೀರ್ಮಾನವಾಯಿತು. ಹಿಂದೊಮ್ಮೆ ಮೈದಾನಕ್ಕೆ ನೀರಿನ ನಲ್ಲಿ ಕೇಳಲು ಹೋದಾಗ ಎಲ್ಲರೂ ಒಟ್ಟಿಗೇ ಕೂಗಾಡಿದ್ದಕ್ಕೆ, ಅಲ್ಲಿದ್ದ ಅಧಿಕಾರಿ ಎದ್ದು ಹೊರಗೆ ಹೋಗಿಬಿಟ್ಟಿದ್ದರಂತೆ. ಅದಕ್ಕೇ ಈ ಸಲ ದೊಡ್ಡಪ್ಪ ಒಂದು ಕಟ್ಟಳೆ ಮಾಡಿದರು: ಒಬ್ಬರಿಗೆ ಒಂದೇ ಮಾತು. ಹೇಳಿ ಮುಗಿಸಿದವರು ಮತ್ತೆ ಬಾಯಿ ತೆರೆಯುವ ಹಾಗಿಲ್ಲ. ಅಣ್ಣನಿಗೂ ಒಂದು ಮಾತು ಸಿಕ್ಕಿತ್ತು. ಹೋಗುವ ದಿನ ಅವನಿಗೆ ಚಳಿಜ್ವರ. ಕಂಬಳಿಯೊಳಗಿಂದಲೇ ನನ್ನ ಕೈ ಹಿಡಿದು ಹೇಳಿಕೊಟ್ಟ: "ಗೋಲಿನ ಹಿಂದ, ನೆಲದ ಮಟ್ಟಕ್ಕ, ಒಂದು ಕಲ್ಲಿನ ಕಟ್ಟಿ. ಗ್ಯಾಲರಿ ಹತ್ತಲಾರದೋರು ಕೂಡ್ತಾರ. ಅಷ್ಟೇ ಅನ್ನು. ನನ್ನ ಕಣ್ಣಿಂದು ಹೇಳಬ್ಯಾಡ."

ಎಂಜಿನಿಯರ್ ಒಳ್ಳೆಯ ಮನುಷ್ಯ. ಎಲ್ಲರಿಗೂ ಕುರ್ಚಿ ಹಾಕಿಸಿದರು, ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಕಮಾನು ತೆಗೆಯಲಾಗದು ಎಂದರು. ಬಿಸಿಲಿಗೆ ಚಾವಣಿಯನ್ನು ಇನ್ನಷ್ಟು ಮುಂದಕ್ಕೆ ಚಾಚಬಹುದು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದರು. ಗುಮಾಸ್ತನ ಮಾತಿಗೆ ನಕ್ಕರು. ಆಮೇಲೆ ಸಹಜವಾಗಿ ಎಂಬಂತೆ ಹೇಳಿದರು: "ಹೊರಗಿನ ಗಾಡಿಗಳು ಇರಲ್ಲ. ಮೆಟ್ಟಿಲಿನ ಕೆಳಗೆ ಒಂದೆರಡು ಅಂಗಡಿ ಬರ್ತವೆ. ಇನ್ನೂ ಯಾರಿಗೂ ಕೊಟ್ಟಿಲ್ಲ." ಹಾಗೆಂದು ನನ್ನ ಕಡೆ ತಿರುಗಿದರು. "ನೀವೇನಮ್ಮ?"

ನಾನು ಎದ್ದು ನಿಂತೆ. ಕಟ್ಟೆ ಎನ್ನುವ ಪದ ನಾಲಿಗೆಯ ತುದಿಯಲ್ಲಿತ್ತು. ಗಾಡಿ ಹೋದರೆ ನಾಳೆ ಒಲೆ ಹಚ್ಚುವುದು ಹೇಗೆ ಎಂಬುದು ಗಂಟಲಿನಲ್ಲಿತ್ತು. ಎರಡನ್ನೂ ಕೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆ ಎಂಜಿನಿಯರ್ ಎದ್ದು ಹೋಗುವವರಾಗಿರಲಿಲ್ಲ. ಆದರೆ ಅಂದು ನನಗೆ ಒಂದೇ ಮಾತು ಎಂಬುದು ದೇವರ ಮುಂದಿನ ಆಣೆಯ ಹಾಗೆ ಕಂಡಿತು.

"ಆ ಮೆಟ್ಲ ಕೆಳಗಿನ ಅಂಗಡಿ ನನಗೊಂದು ಕೊಡ್ರಿ ಸಾಹೇಬ್ರ," ಎಂದೆ.

"ಅರ್ಜಿ ಕೊಡಿ, ನೋಡೋಣ. ಅಷ್ಟೇನಾ?"

"ಅಷ್ಟೇ ರೀ."

ಬಸ್ಸಿನಲ್ಲಿ ದೊಡ್ಡಪ್ಪ ನನ್ನ ಮುಂದಿನ ಸೀಟಿನಲ್ಲಿದ್ದರು. ಬಹಳ ದೂರ ಬಂದ ಮೇಲೆ ತಿರುಗದೆಯೇ ಹೇಳಿದರು: "ಆ ಕಲ್ಲಿನ ವಿಚಾರ ನಿಮ್ಮಣ್ಣ ನಮಗೂ ಹೇಳಿದ್ದ, ತಂಗಿ." ನಾನು ಟಿಕೆಟ್ಟು ಮಡಿಸುತ್ತ ಕೂತೆ. "ಇರ್ಲಿ. ಹೊಟ್ಟಿಪಾಡು. ನಾವ್ಯಾರೂ ಬಾಯಿ ಬಿಡಲ್ಲ." ಅವರು ಬೈದಿದ್ದರೆ ನಾನು ಅಂದೇ ಮನೆಗೆ ಹೋಗಿ ಅತ್ತು ಎಲ್ಲ ಹೇಳುತ್ತಿದ್ದೆನೇನೋ.

ಅಣ್ಣ ಜ್ವರದಲ್ಲೇ ಎದ್ದು ಕೂತು ಕಾಯುತ್ತಿದ್ದ. "ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

"ಬರಕೊಂಡ್ರು." ಆಮೇಲೆ, "ನಂಗೂ ಒಂದು ಅಂಗಡಿ ಕೊಡ್ತಾರಂತ. ಅವ್ರೇ ಅಂದ್ರು," ಎಂದು ಸೇರಿಸಿದೆ.

ಅವನು ಕಂಬಳಿ ಹೊದ್ದು ಮಲಗಿದ. ಅವನ ಮುಖದಲ್ಲಿ ಸಮಾಧಾನವಿತ್ತು. ನಾನು ಒಲೆಯ ಕಡೆ ತಿರುಗಿ ಕೂತೆ.

ಸ್ಟೇಡಿಯಂ ಎದ್ದಿತು. ಅಂಗಡಿ ನನಗೆ ಸಿಕ್ಕಿತು. ಚಪ್ಪಡಿ ಕಲ್ಲನ್ನು ಯಂತ್ರ ಎತ್ತಿ ಯಾವ ಕಡೆ ಎಸೆಯಿತೋ ನೋಡಲು ನನಗೆ ಧೈರ್ಯ ಬರಲಿಲ್ಲ. ಕಟ್ಟುವಾಗ ಬೈದವರೇ ಈಗ ನೆಂಟರನ್ನು ಕರೆತಂದು ಕಮಾನು ತೋರಿಸುತ್ತಿದ್ದರು. "ಕೂಡ್ರಾಕ ಚಲೋ ಐತೆ ಬಿಡ್ರಿ, ಪ್ಯಾಂಟಿಗೆ ಮಣ್ಣಾಗಲ್ಲ," ಎಂದು ಆಟೋದವನೂ ಒಪ್ಪಿಕೊಂಡ.

ಮೊದಲ ಪಂದ್ಯದ ದಿನ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. "ಕಟ್ಟಿ ಎಲ್ಲೈತೆ, ಕರ್ಕೊಂಡು ನಡಿ," ಎಂದ. ಕಟ್ಟೆ ಕಟ್ಟಿಸಿಲ್ಲ ಎಂದೆ. ಅವನು ಅಲ್ಲೇ ನಿಂತುಬಿಟ್ಟ. "ಬರಕೊಂಡ್ರು ಅಂದ್ಯಲ್ಲ?" ನಾನು ಅವನ ಕೈ ಹಿಡಿದು ಗ್ಯಾಲರಿ ಹತ್ತಿಸಿದೆ, ಒಂದು ಕಂಬದ ಪಕ್ಕ ಕೂರಿಸಿ ಅಂಗಡಿಗೆ ಇಳಿದೆ.

ಆ ತಗಡಿನ ಕೆಳಗೆ ಜನರ ಕೂಗು ಸುತ್ತಿ ಸುತ್ತಿ ಅಲ್ಲೇ ನಿಲ್ಲುತ್ತಿತ್ತು. ಕೆಳಗೆ ಅಂಗಡಿಯಲ್ಲಿ ನನಗೇ ಕಿವಿ ಗುಂಯ್ ಅನ್ನುತ್ತಿತ್ತು. ಚೆಂಡಿನ ಸದ್ದು ಅವನಿಗೆ ಎಲ್ಲಿ ಕೇಳಬೇಕು? ಮೇಲೆ ನಡೆದದ್ದನ್ನು ಆಮೇಲೆ ಆಟೋದವನು ಹೇಳಿದ. ಗೋಲಾದಾಗ ಅಣ್ಣ ಪಕ್ಕದವನನ್ನು ಯಾರದು ಎಂದು ಕೇಳಿದನಂತೆ. ಯಾರೋ ಹೊರಗಿನವನು, ತಮಾಷೆಗೆ, "ನಿಮ್ದೇ," ಎಂದನಂತೆ. ಅಣ್ಣ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕೂಗಿದ. ಗೋಲು ಹೊಡೆದದ್ದು ಎದುರಿನವರು. ಸುತ್ತಲಿನವರು ನಕ್ಕರು. ಒಬ್ಬರು ಬೈದರೂ ಬೈದರು.

ಅಣ್ಣ ಕಂಬಿ ಹಿಡಿದುಕೊಂಡು ಒಬ್ಬನೇ ಇಳಿದು ಬಂದ. "ಮನಿಗೆ ಕರ್ಕೊಂಡು ಹೋಗು."

ಬಾಣಲೆಯಲ್ಲಿ ಎಣ್ಣೆ ಕಾದಿತ್ತು, ಜನ ಮುಗಿಬಿದ್ದಿದ್ದರು. "ಒಂದೀಟು ತಡಿಯಣ್ಣ," ಎಂದೆ. ಈರುಳ್ಳಿ ಸಿಪ್ಪೆಯ ನಡುವೆ ಒಂದು ಎಣ್ಣೆ ಡಬ್ಬಿ ಬೋರಲು ಹಾಕಿ ಕೂರಿಸಿದೆ. ಪಂದ್ಯ ಮುಗಿಯುವವರೆಗೂ ಅವನು ಅಲ್ಲೇ ಕೂತಿದ್ದ.

ಮತ್ತೆ ಅವನು ಗ್ಯಾಲರಿ ಹತ್ತಲಿಲ್ಲ. ಪಂದ್ಯವಿದ್ದಾಗ ಕಾಂಪೌಂಡಿನ ಹೊರಗೆ, ಗೋಲಿನ ನೇರಕ್ಕೆ ಇರಬಹುದು ಎಂದು ಊಹಿಸಿದ ಕಡೆ, ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ಗೋಡೆಯಲ್ಲಿ ಏನು ಕೇಳುತ್ತದೆ? ದಾರಿಹೋಕರು ಅವನ ಮುಂದೆ ಚಿಲ್ಲರೆ ಕಾಸು ಇಟ್ಟು ಹೋಗತೊಡಗಿದರು. ಅದನ್ನು ಅವನು ಕಾಲಿನಿಂದ ಒದ್ದನೆಂದು ಯಾರೋ ಬಂದು ಹೇಳಿದರು. ಮನೆಯಲ್ಲಿ ಊಟ ಕಡಿಮೆಯಾಯಿತು, ಮಾತೂ. ಮಾತಾಡಿದರೆ ಎಂಜಿನಿಯರ್‌ನ ಮಾತೇ. "ಬರಕೊಂಡೂ ಕಟ್ಟಿಸ್ಲಿಲ್ಲ ಅಂದ್ರ ಏನರ್ಥ? ಹೆಣ್ಣುಮಗಳು ಹೇಳಿದ್ದಕ್ಕ ಬೆಲಿ ಇಲ್ಲೇನು? ನನ್ನ ಕರ್ಕೊಂಡು ನಡಿ, ಮುಖಾಮುಖಿ ಕೇಳ್ತೀನಿ." ನಾನು ಇವತ್ತು ನಾಳೆ ಎಂದು ತಳ್ಳುತ್ತ ಹೋದೆ. ಅಂಗಡಿಯಲ್ಲಿ ಒಂದೊಂದು ಮೆಣಸಿನಕಾಯಿ ಹಿಟ್ಟಿಗೆ ಅದ್ದುವಾಗಲೂ ಇದು ಅವನ ಕಟ್ಟೆ, ಅವನ ಕಟ್ಟೆ ಎಂದು ಯಾರೋ ಒಳಗಿನಿಂದ ಹೇಳುತ್ತಿದ್ದರು. ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನ ಗದ್ದುಗೆಯ ಮುಂದೆ ಅಡ್ಡಬಿದ್ದೆ. ಅಲ್ಲಿಯೂ ಬಾಯಿ ಬಿಟ್ಟು ಹೇಳಲಿಲ್ಲ.

ಒಂದು ಬೆಳಿಗ್ಗೆ ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಅಣ್ಣ ಮನೆಯಲ್ಲಿರಲಿಲ್ಲ. ಕೋಲು ಹಿಡಿದು ದಾವಣಗೆರೆಗೆಂದು ಒಬ್ಬನೇ ಹೊರಟಿದ್ದ. ಹೈವೇ ದಾಟುವಾಗ ಲಾರಿಯವನು ಬ್ರೇಕ್ ಹಾಕಿ ಉಳಿಸಿದ. ದೊಡ್ಡಪ್ಪನೇ ಮನೆಗೆ ಕರೆತಂದರು. ಮೊಣಕೈ ತರಚಿ ರಕ್ತ ಬಂದಿತ್ತು. ದೊಡ್ಡಪ್ಪ ನನ್ನನ್ನು ನೋಡಿದರು. "ತಂಗಿ, ಬಾಯಿ ಬಿಡಲ್ಲ ಅಂದಿದ್ದೆ. ಇನ್ನ ನನ್ ಕೈಲಿ ಆಗಂಗಿಲ್ಲ," ಎಂದು ಹೊಸಿಲಲ್ಲಿ ಮೆಲ್ಲಗೆ ಹೇಳಿ ಹೋದರು.

ಮರುದಿನ ಅಂಗಡಿ ಮುಚ್ಚಿ ಅಣ್ಣನನ್ನು ದಾವಣಗೆರೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲೇ ಹೇಳಬೇಕೆಂದುಕೊಂಡೆ, ಕಿಟಕಿಯ ಗಾಳಿ ಜೋರಾಗಿತ್ತು ಎಂದು ನೆಪ ಮಾಡಿಕೊಂಡೆ. ಬಸ್ ಸ್ಟ್ಯಾಂಡಿನಿಂದ ನಡೆಯುವಾಗ ಹೇಳಬೇಕೆಂದುಕೊಂಡೆ, ಜನ ಇದ್ದರು ಎಂದುಕೊಂಡೆ. ಕಚೇರಿಯ ಜಗಲಿಯ ಬೆಂಚಿನ ಮೇಲೆ ಇಬ್ಬರೂ ಕೂತೆವು. ಅಣ್ಣ ಹೇಳಬೇಕಾದ್ದನ್ನು ತುಟಿಯಲ್ಲೇ ಬಾಯಿಪಾಠ ಮಾಡುತ್ತಿದ್ದ. ನಾನು ಅಂದು ಬಸ್ಸಿನಲ್ಲಿ ಮಾಡಿದ ಹಾಗೆಯೇ. "ನನ್ನ ತಂಗಿ ನಿಮಗ ಹೇಳಿದ್ಲು... ನನ್ನ ತಂಗಿ ಬಂದು ಹೇಳಿದ್ಲು..."

ಜವಾನ ಬಾಗಿಲಿಂದ ಇಣುಕಿದ. "ಹರಿಹರದೋರು ಯಾರ್ರೀ? ಬರ್ರಿ ಒಳಗ."

ಅಣ್ಣ ಎದ್ದ. ಅಂಗಿಯ ತುದಿ ಎಳೆದು ಸರಿಮಾಡಿಕೊಂಡು ನನ್ನ ಕಡೆ ಕೈ ಚಾಚಿದ. ನಾನು ಆ ಕೈ ಹಿಡಿದೆ, ಆದರೆ ಏಳಲಿಲ್ಲ.

"ಕೂತ್ಕ ಅಣ್ಣ," ಎಂದೆ. "ಒಳಗಿರೋರದೇನೂ ತಪ್ಪಿಲ್ಲ. ನೀ ಕೊಟ್ಟ ಮಾತು ನಾ ಹೇಳ್ಲೇ ಇಲ್ಲ. ಅದರ ಬದ್ಲು ಅಂಗಡಿ ಕೇಳ್ದೆ. ನಿನ್ನ ಕಟ್ಟಿ ತಗೊಂಡೋಳು ನಾನು. ಇಷ್ಟು ದಿನ ಸುಳ್ಳೂ ಹೇಳ್ದೆ. ತಪ್ಪಾತಣ್ಣ. ನನ್ನಿಂದ ತಪ್ಪಾತು."