ಮೀಸಲು ಬೆಣ್ಣೆಗೆ ಬೆರಳದ್ದಿದ ದಿನ

ಬೆಳಿಗ್ಗೆ ಬೆಣ್ಣೆ ಕಾಯಿಸುವಾಗ ಎದ್ದ ವಾಸನೆಗೆ ಹಳೆಯ ಭಯವೊಂದು ಮರಳಿತು.

ಯಲ್ಲದಕೆರೆಯ ನಮ್ಮ ಮನೆಯಲ್ಲಿ, ಅಪ್ಪ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೊರಟ ದಿನದಿಂದ ಅಜ್ಜಿ ಮನೆದೇವರು ಬೀರಪ್ಪನಿಗೆ ಬೆಣ್ಣೆ ಮೀಸಲಿಡುತ್ತಿದ್ದಳು. ಮಜ್ಜಿಗೆ ಕಡೆದಾಗಲೆಲ್ಲ ಮೊದಲ ಉಂಡೆ ನೆಲುವಿನ ಮಡಕೆಗೆ. ಅಪ್ಪ ಮರಳಿದ ಮೇಲೆ ಅದರ ತುಪ್ಪದಲ್ಲೇ ದೇವರಿಗೆ ದೀಪ. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ನಾನು ಒಂದು ದಿನ ಕದ್ದು ಬೆರಳದ್ದಿ ನೆಕ್ಕಿದೆ.

ಮರುದಿನವೇ ಅಪ್ಪನ ಜೊತೆ ಹೋಗಿದ್ದ ನಾಯಿ ಒಂಟಿಯಾಗಿ ಬಂತು. ಕಿವಿ ಹರಿದಿತ್ತು. ಅಮ್ಮ ಬಾಗಿಲಲ್ಲೇ ಕುಸಿದಳು. ಊರವರು ಅಂಗಳದಲ್ಲಿ ನಿಂತು ಪಿಸುಗುಟ್ಟಿದರು. ಅಜ್ಜಿ ಮಾತ್ರ ನಾಯಿಗೆ ಮುದ್ದೆ ಹಾಕಿ, ಮಜ್ಜಿಗೆ ಕಡೆಯಲು ಕೂತಳು.

ಆರು ದಿನ ತಡೆದುಕೊಂಡು, ಕೊನೆಗೆ ಅಳುತ್ತಾ ಹೇಳಿದೆ: "ಅಜ್ಜಿ, ಮೀಸಲು ನೆಕ್ಕಿದ್ದು ನಾನೇ. ಅದ್ಕೇ ಅಪ್ಪ ಇನ್ನೂ ಬಂದಿಲ್ಲ."

"ನಿನ್ನ ಬೆರಳಿನ ಗುರ್ತು ಅವತ್ತೇ ನೋಡೀನಿ ಕಣೇ. ಬೀರಪ್ಪ ಅಷ್ಟು ಸಣ್ಣೋನಲ್ಲ. ಕಾಯೋದು ನಮ್ಮ ಕೆಲ್ಸ, ಕರ್ಕಂಡು ಬರೋದು ಅವನ್ದು," ಎಂದು ಅಜ್ಜಿ ಅವತ್ತಿನ ಉಂಡೆಯನ್ನೂ ಮಡಕೆಗೆ ಹಾಕಿದಳು. ಆಮೇಲೆ ಹೊಸ್ತಿಲಿಗೆ ಬಂದು ದಾರಿ ನೋಡುತ್ತಾ ನಿಂತಳು.

ನಾಯಿ ಬಂದ ಒಂಬತ್ತನೆಯ ದಿನ ಅಪ್ಪ ಕುಂಟುತ್ತಾ ಬಂದ. ಹಿಂಡಿಗೆ ತೋಳ ಬಿದ್ದು, ಅರ್ಧದಷ್ಟು ಕುರಿಗಳು ಹೋಗಿದ್ದವು.

ನಾಳೆ ನನ್ನ ಮಗಳ ಬಯಾಪ್ಸಿ ರಿಪೋರ್ಟ್ ಬರುತ್ತದೆ. ಹದಿನೈದು ದಿನದಿಂದ ಮೊದಲ ಉಂಡೆ ಮೀಸಲಿಟ್ಟೇ ಉಳಿದದ್ದನ್ನು ಕಾಯಿಸುತ್ತಿದ್ದೇನೆ. ಅಜ್ಜಿಯ ಮಾತನ್ನು ನಂಬುತ್ತೇನೆ. ಆದರೂ ಈ ಸಲ ಬೆರಳು ಅದ್ದಿಲ್ಲ.