ಮಾವನ ಎಡಗೈ

ಏನೇನಾಗಬಹುದಿತ್ತು, ಕೇಳಿ. ಹಂಪಿಯ ಗೆಸ್ಟ್ ಹೌಸಿಗೆ ಬಂದಿಳಿದ ಯಾವುದೋ ದೇಶದ ಹೆಣ್ಣುಮಗಳು ನನ್ನ ಹೆಂಡತಿ ಮಾಡಿದ ಸ್ನಾನದ ಪುಡಿ ಹಚ್ಚಿಕೊಂಡು, ಮೈತುಂಬ ದದ್ದು ಎದ್ದು, ವಿಮಾನ ಹತ್ತುವ ಮೊದಲು ನಮ್ಮ ಮನೆ ಹುಡುಕಿಕೊಂಡು ಬರಬಹುದಿತ್ತು. ದದ್ದು ಏಳದಿದ್ದರೂ ಅರಿಶಿಣ ಹೆಚ್ಚಾಗಿ, ಆಕೆ ಹಳದಿ ತಿರುಗಿ, ಕಾಮಾಲೆ ಎಂದು ಯಾರೋ ಆಸ್ಪತ್ರೆಗೆ ಸೇರಿಸಬಹುದಿತ್ತು. ಕೋತಿ ಕಿಟಕಿಯಿಂದ ಕೈ ಹಾಕಿ ಪೊಟ್ಟಣ ಕದಿಯಬಹುದಿತ್ತು. ಅಡುಗೆಯವನು ಕಡ್ಲಿಹಿಟ್ಟೆಂದು ತಿಳಿದು ಅದರಲ್ಲೇ ಮಿರ್ಚಿ ಕರಿಯಬಹುದಿತ್ತು. ಪುಡಿಯೆಲ್ಲ ಬಚ್ಚಲ ಪೈಪಿನಲ್ಲಿ ಕಟ್ಟಿಕೊಂಡು, ಪೈಪು ತೆಗೆಯಲು ನೆಲ ಅಗೆದಾಗ ಹಂಪಿಯಲ್ಲಿ ಎಲ್ಲಿ ಅಗೆದರೂ ಸಿಗುವಂತೆ ಒಂದು ಕೆತ್ತನೆಯ ಕಲ್ಲು ಸಿಕ್ಕು, ಇಲಾಖೆಯವರು ಬಂದು ಸುತ್ತ ಹಗ್ಗ ಕಟ್ಟಿ, ಗೆಸ್ಟ್ ಹೌಸೇ ಮುಚ್ಚಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ. ಬಹಳ ಸಣ್ಣದು, ಅದೂ ನನಗೆ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ನೀವು ಎದ್ದು ಹೋಗುತ್ತೀರೇನೋ ಎಂಬ ಚಿಂತೆ ಬೇರೆ ನನಗಿದೆ.

ತಿಂಗಳ ಹಿಂದೆ ಒಂದು ಬೆಳಿಗ್ಗೆ ಸುಮಂಗಲಾ, ಅಂದರೆ ನನ್ನ ಹೆಂಡತಿ, ಗಿರಣಿಯಿಂದ ತಂದ ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದಳು. ಹೊಸಪೇಟೆಯ ನಮ್ಮ ಚಿಕ್ಕ ಅಡುಗೆಮನೆಯಲ್ಲಿ ಹೆಸರುಬೇಳೆ, ಕಸ್ತೂರಿ ಅರಿಶಿಣ, ಒಣಗಿದ ಕಿತ್ತಳೆ ಸಿಪ್ಪೆ, ಗುಲಾಬಿ ಎಸಳು ಎಲ್ಲದರ ವಾಸನೆ ಒಟ್ಟಿಗೇ ಎದ್ದಿತು. ಅದರ ಅಡಿಯಲ್ಲಿ ಬೆಚ್ಚಗೆ, ತುಸು ಸಿಹಿಯಾಗಿ, ಅಕ್ಕಿಯ ತೌಡಿನ ವಾಸನೆ. ಈ ತೌಡು ಕಂಪ್ಲಿಯಿಂದ, ನನ್ನ ಸೋದರಮಾವನ ರೈಸ್ ಮಿಲ್ಲಿನಿಂದ ಈಗಲೂ ಬಸ್ಸಿನಲ್ಲಿ ಬರುತ್ತದೆ. ನಾನು ಚಹದ ಲೋಟ ಹಿಡಿದು ಹಾಗೇ ನಿಂತುಬಿಟ್ಟೆ.

"ಮೂಸಿದ್ದು ಸಾಕು. ಕೈ ಚಾಚ್ರಿ," ಅಂದಳು.

ಸುಮಂಗಲಾ ಇಪ್ಪತ್ತು ವರ್ಷದಿಂದ ಈ ಪುಡಿ ಮಾಡುತ್ತಾಳೆ. ಓಣಿಯ ಬಾಣಂತಿಯರಿಗೆ, ಕೂಸುಗಳಿಗೆ, ಬೆವರುಸಾಲೆ ಎದ್ದವರಿಗೆ ಸುಮ್ಮನೆ ಹಂಚುತ್ತಾಳೆ. ಈ ಸಲ ಮಾತ್ರ ಹಂಪಿಯಲ್ಲಿ ಗೆಸ್ಟ್ ಹೌಸ್ ನಡೆಸುವ ರತ್ನಕ್ಕ ತಾನಾಗಿ ಕೇಳಿ, ನಲವತ್ತು ಪೊಟ್ಟಣ ಬೇಕು, ಮೇಲೆ ನಿನ್ನ ಹೆಸರು ಬರಿ ಎಂದಿದ್ದಳು. ಹೆಸರು! ಸುಮಂಗಲಾ ಅಂದು ಸಂಜೆ ಕೂತು ಚೀಟಿಗಳ ಮೇಲೆ ನಲವತ್ತು ಸಲ ತನ್ನ ಹೆಸರು ಬರೆದಳು. ಬರೆದು ಬರೆದು, ಕೊನೆಯ ಹತ್ತರ ಹೊತ್ತಿಗೆ "ಲಾ"ಕ್ಕೆ ಒಂದು ಬಾಲವೂ ಬಂದಿತ್ತು.

ನನಗೆ ಚಿಂತೆ ಹತ್ತಿದ್ದು ಅದನ್ನು ನೋಡಿ. ಯಾಕೆಂದರೆ ಇವಳನ್ನು ನಾನು ಬಲ್ಲೆ. ಒಮ್ಮೆ ಯಾರೋ ಶೇಂಗಾ ಚಟ್ನಿಗೆ ಉಪ್ಪು ಒಂದೆಳೆ ಮುಂದೆ ಎಂದದ್ದಕ್ಕೆ ನಾಲ್ಕು ವರ್ಷ ಶೇಂಗಾ ಚಟ್ನಿಯನ್ನೇ ಕುಟ್ಟಲಿಲ್ಲ. ಹಂಪಿಯಿಂದ ಒಂದೇ ಒಂದು ದದ್ದಿನ ಸುದ್ದಿ ಬಂದರೂ ಸಾಕು, "ನಂಗ ಇದೆಲ್ಲಾ ಬರಂಗಿಲ್ಲ ಬಿಡ್ರಿ" ಎಂದು ಡಬ್ಬಿಯನ್ನು ಅಟ್ಟಕ್ಕೇರಿಸುತ್ತಾಳೆ. ಅದು ಮತ್ತೆ ಇಳಿಯುವುದಿಲ್ಲ.

"ಸ್ವಲ್ಪ ದಿನ ಪರೀಕ್ಷೆ ಮಾಡಿ ಕಳಿಸೋಣ" ಎಂದು ನಾನೇ ಹೇಳಿದ್ದೆ. ಪರೀಕ್ಷೆಯ ಜಾಗ ನನ್ನ ಎಡಗೈ ಎಂದು ನಾನು ತಿಳಿದಿರಲಿಲ್ಲ. ತಿಳಿಯಬೇಕಿತ್ತು. ಈ ವಿದ್ಯೆ ಅವಳು ಕಲಿತದ್ದು ಕಂಪ್ಲಿಯ ಅತ್ತೆಯಿಂದ.

ಮಾವ ನನ್ನ ಅವ್ವನ ತಮ್ಮ. ಎತ್ತರದ ಆಳು, ಅವನು ಮಿಲ್ಲಿನಲ್ಲಿ ಕೂಗಿದರೆ ಹೊಳೆಯಾಚೆ ಎಮ್ಮೆ ಬೆದರುತ್ತವೆ ಎನ್ನುತ್ತಿದ್ದರು. ಬಲಗೈ ಮರದ ಕೊರಡಿನಷ್ಟು ಒರಟು. ಎಡಗೈ ಮಾತ್ರ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಆರು ತಿಂಗಳ ಕೂಸಿನದು! ಅತ್ತೆ ಏನು ಅರೆದರೂ, ಕಡ್ಲಿಹಿಟ್ಟಿರಲಿ, ಕೆನೆಯಿರಲಿ, ಮೆಂತ್ಯವಿರಲಿ, ಮೊದಲು ಹಚ್ಚುತ್ತಿದ್ದದ್ದು ಅಲ್ಲಿಗೆ. ಮಾವ ಅದನ್ನು ಹಚ್ಚಿಸಿಕೊಂಡೇ ಮಿಲ್ಲಿಗೆ ಹೋಗುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ನೋಡುತ್ತಿದ್ದಳು.

ಅಕ್ಕಿ ಕೊಳ್ಳಲು ಬಂದವರು ಸುಮ್ಮನಿರುತ್ತಾರೆಯೇ? "ಸಾವ್ಕಾರ್ರ, ಈ ಮದಲಗಿತ್ತಿ ಕೈ ಎಲ್ಲಿಂದ ತಂದ್ರಿ?"

"ಹೆಂಡ್ತಿ ಕೊಟ್ಟಾಳ. ನಿನಗ ಬೇಕಂದ್ರ ನಿನ್ನ ಹೆಂಡ್ತೀನ ಕೇಳು," ಎಂದು ಮಾವ ತೋಳು ಇನ್ನೂ ಒಂದು ಮಡಿಕೆ ಏರಿಸುತ್ತಿದ್ದ.

ಮನೆಯೊಳಗೆ ಮಾತ್ರ ಒಪ್ಪುತ್ತಿರಲಿಲ್ಲ. "ನಿನ್ನ ಪುಡಿಯಿಂದಲ್ಲಲೇ, ತೌಡಿನಿಂದ ಮೆತ್ತಗಾಗೈತಿ" ಎನ್ನುತ್ತಿದ್ದ. ತೌಡಿನ ಚೀಲದಲ್ಲಿ ದಿನವೆಲ್ಲ ಆಡುವುದು ಬಲಗೈಯಲ್ಲವೇ ಎಂದು ಅತ್ತೆ ಕೇಳಿದರೆ, "ಎಡಗೈಗೆ ಕೆಲಸಿಲ್ಲ, ಆರಾಮ ಐತಿ, ಅದಕ್ಕ!" ಈ ಜಗಳ ನಲವತ್ತು ವರ್ಷ ನಡೆದಿದೆ. ಕೊನೆಗೆ ಅತ್ತೆ ತೌಡನ್ನೇ ಪುಡಿಗೆ ಬೆರೆಸಿ ಇಬ್ಬರನ್ನೂ ಗೆಲ್ಲಿಸಿದಳು.

ಇದು ಶುರುವಾದದ್ದು ಹೇಗೆಂದು ಅತ್ತೆಯೇ ನನಗೆ ಹೇಳಿದ್ದು. ಮದುವೆಯಾದ ಹೊಸತು. ಯಾರದೋ ಮಾತು ಕೇಳಿ ನಿಂಬೆಹುಳಿ ಹಿಂಡಿ ಏನೋ ಅರೆದು ಕೆನ್ನೆಗೆ ಹಚ್ಚಿಕೊಂಡಳಂತೆ. ಮುಖ ಉರಿದು, ಊದಿ, ಎರಡು ದಿನ ಕೋಣೆಯ ಬಾಗಿಲು ತೆಗೆಯಲಿಲ್ಲವಂತೆ. ಅಷ್ಟು ದೊಡ್ಡ ಗಂಟಲಿನ ಮಾವ ಬಾಗಿಲಾಚೆ ನಿಂತು ಮೆಲ್ಲಗೆ ಅಂದನಂತೆ: "ಇನ್ನ ಮ್ಯಾಲ ಏನ್ ಅರದ್ರೂ ಮೊದಲು ನನ್ನ ಕೈಗೆ ಹಚ್ಚು. ಉರಿದ್ರ ನನಗ ಉರೀಲಿ."

ಅತ್ತೆ ಸುಳ್ಳು ಆಸೆ ಮಾತ್ರ ಯಾರಿಗೂ ಹುಟ್ಟಿಸುತ್ತಿರಲಿಲ್ಲ. ಬೆಳ್ಳಗಾಗುತ್ತೇನೆಯೇ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಬಣ್ಣ ದೇವರು ಕೊಟ್ಟದ್ದು, ನಾ ಮುಟ್ಟಂಗಿಲ್ಲ. ಮೆತ್ತಗ ಮಾಡೋದಷ್ಟ ನನ್ನ ಕೆಲಸ." ಆದರೂ ಇಪ್ಪತ್ತಾರನೆಯ ವಯಸ್ಸಿನಲ್ಲಿ ಸಂಡೂರಿಗೆ ಹೆಣ್ಣು ನೋಡಲು ಹೊರಟ ನಾನು, ಹಿಂದಿನ ವಾರವೇ ಕಂಪ್ಲಿಗೆ ಹೋಗಿ ಅವಳ ಮುಂದೆ ಮುಖ ಇಟ್ಟು ಕೂತೆ. ಮೊಡವೆ ಏಳಬಹುದು, ಹುಡುಗಿ ನಗಬಹುದು, ನಾನೇ ಬೆವರಬಹುದು.

"ಚಿಂತಿ ಮಾಡಬ್ಯಾಡ ಅಳಿಯಾ, ನನ್ನ ಕೈ ಪಾಸಾಗೈತಿ," ಎಂದು ಮಾವ ಎಡಗೈ ತೋರಿಸಿದ. ಮೂರು ದಿನ ಅವನಿಗೆ ಹಚ್ಚಿ ನೋಡಿ, ಆಮೇಲೆ ನನಗೆ ಹಚ್ಚಿದರು. ಹೊರಡುವ ಬೆಳಿಗ್ಗೆ ಮುಖ ತೊಳೆಸಿದ ಅತ್ತೆ, "ಹೊಳಪಿರಲಿ" ಎಂದು ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿದಳು. ಒಗ್ಗಟ್ಟಿರಲೆಂದು ಮಾವನ ಎಡಗೈಗೂ ಸವರಿದಳು. ಮಾವನ ಸ್ಕೂಟರ್ ಹತ್ತಿ ಹೊರಟೆವು.

ನಿಮಗೆ ನೆನಪಿದ್ದರೆ, ಅದು ಅದಿರಿನ ಲಾರಿಗಳು ಇರುವೆ ಸಾಲಿನಂತೆ ಹರಿಯುತ್ತಿದ್ದ ಕಾಲ. ಹೊಸಪೇಟೆ ದಾಟುವವರೆಗೆ ನಾನು ಹೊಳೆಯುತ್ತಿದ್ದೆ. ಆಮೇಲೆ ಮುಂದೊಂದು ಲಾರಿ, ಹಿಂದೊಂದು ಲಾರಿ, ನಡುವೆ ಎಣ್ಣೆ ಸವರಿದ ನನ್ನ ಮುಖ. ಮಾವನ ಕೈ ರೈಸ್ ಮಿಲ್ಲಿನಲ್ಲಿ ಪಾಸಾಗಿತ್ತು, ನಿಜ. ಸಂಡೂರು ರಸ್ತೆಯಲ್ಲಿ ಪರೀಕ್ಷೆ ಬರೆದಿರಲಿಲ್ಲ. ಕೆಂಪು ದೂಳು ಕೂತಿತು ಎಂದರೆ ಸಾಲದು. ಗೋಡೆಗೆ ಕೆಮ್ಮಣ್ಣು ಸಾರಿಸಿದ ಹಾಗೆ, ಎರಡು ಕೋಟು, ನುಣ್ಣಗೆ ಹತ್ತಿಕೊಂಡಿತು. ಮಾವನ ಬಲಗೈ ಬರೀ ದೂಳಾಗಿತ್ತು. ಎಡಗೈ ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದಂತಿತ್ತು.

ಸಂಡೂರಿನಲ್ಲಿ ಹುಡುಗಿಯ ತಂದೆ ಬಾಗಿಲು ತೆರೆದು, "ಯಾರು ಬೇಕಿತ್ರಿ?" ಎಂದರು.

"ಹುಡುಗನ್ನ ಕರ್ಕೊಂಡು ಬಂದೀವ್ರಿ," ಎಂದ ಮಾವ.

"ಎಲ್ಲಿ ಹುಡುಗ?"

ನಾನು ಅವರ ಎದುರಿಗೇ ನಿಂತಿದ್ದೆ. ಅವರು ಒಳಗಿಂದ ನನ್ನ ಫೋಟೋ ತಂದು, ನನ್ನನ್ನೊಮ್ಮೆ ಅದನ್ನೊಮ್ಮೆ ನೋಡಿ, "ಇವ್ರಲ್ಲ ಬಿಡ್ರಿ," ಎಂದುಬಿಟ್ಟರು. ನಾನು ಒಂದು ವಾರದಿಂದ ಪಟ್ಟ ಚಿಂತೆಗಳ ಪಟ್ಟಿಯಲ್ಲಿ ಇದೊಂದು ಇರಲೇ ಇಲ್ಲ.

ಆಗ ಬಾಗಿಲ ಹಿಂದಿನಿಂದ ಒಂದು ದನಿ: "ಇವ್ರ ಅಪ್ಪಾ. ಕಿವಿ ನೋಡ್ರಿ. ಫೋಟೋದಾಗೂ ಹಿಂಗ, ಬಾಗಲ ತಗದಂಗ ಅದಾವ."

ಆಮೇಲೆ ಆ ದನಿಯ ಒಡತಿ ಒಂದು ಬಟ್ಟಲಲ್ಲಿ ಕಡ್ಲಿಹಿಟ್ಟಿಗೆ ಮಜ್ಜಿಗೆ ಕಲಸಿ ತಂದು ಬಚ್ಚಲ ಕಟ್ಟೆಯ ಮೇಲೆ ಇಟ್ಟಳು. "ಎಣ್ಣಿ ಹಚ್ಕೊಂಡು ಈ ದಾರಿಗೆ ಯಾರರ ಬರ್ತಾರೇನ್ರಿ? ನಮ್ಮೂರಾಗ ಹೊರಗ ಹೋಗೂ ಮುಂದ ಒಣ ಮುಖ, ಮನಿಗೆ ಬಂದ ಮ್ಯಾಲ ಎಣ್ಣಿ. ತೊಳ್ಕೊಂಡು ಬರ್ರಿ, ಆಮ್ಯಾಲ ನೋಡೋಣು." ಎರಡು ಬಟ್ಟಲು ಹಿಟ್ಟು ಬೇಕಾಯಿತು. ಮೂರನೆಯದು ಮಾವನ ಕೈಗೆ. ತೊಳೆದುಕೊಂಡು ಬಂದ ಮೇಲೆ ಅವಳು ನೋಡಿದಳು. ಏನು ಕಂಡಳೋ, ಒಪ್ಪಿದಳು. ಕಂಪ್ಲಿಯ ಅತ್ತೆ ಈ ಸುದ್ದಿ ಕೇಳಿ ನಗಲಿಲ್ಲ. "ಮಜ್ಜಿಗಿ ಹುಳಿ ಇತ್ತೋ, ಸಪ್ಪಗಿತ್ತೋ?" ಎಂದು ವಿಚಾರಿಸಿ, ಮಾವನ ಕಡೆ ತಿರುಗಿ, "ಕೈ ಚಾಚ್ರಿ" ಅಂದಳು.

ಅದಕ್ಕೇ ಆ ದಿನ ಅಡುಗೆಮನೆಯಲ್ಲಿ ನಾನು ಲೋಟ ಕೆಳಗಿಟ್ಟು ಕೈ ಚಾಚಿದೆ. ಇಪ್ಪತ್ತು ದಿನ ಚಾಚಿದೆ. ಪುಡಿಯನ್ನು ನೀರಿನಲ್ಲಿ ಕಲಸಿ, ಬಲಗೈ ಹೆಬ್ಬೆಟ್ಟಿನಿಂದ ಎಡಗೈ ಮೇಲೆ ಸುತ್ತಿ ಸುತ್ತಿ ತಿಕ್ಕಬೇಕು. ಅದು ಸುಮಂಗಲಾಳ ಅಪ್ಪಣೆ. ಆಫೀಸಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ತೋಳು ಸರಿಸಿ ನೋಡಿಕೊಳ್ಳುತ್ತಿದ್ದೆ. ಪಕ್ಕದ ಟೇಬಲ್ಲಿನವರು, "ಸರ, ವಾಚು ಆ ಕಡೆ ಕೈಯಾಗ ಐತ್ರಿ," ಎಂದು ನೆನಪಿಸುತ್ತಿದ್ದರು. ಒಂದು ಚುಕ್ಕೆಯೂ ಏಳಲಿಲ್ಲ. ನಲವತ್ತು ಪೊಟ್ಟಣ ಆಟೋದಲ್ಲಿ ಹಂಪಿಗೆ ಹೋದವು. ನಂತರದ ವಾರ ಸುಮಂಗಲಾ ಫೋನಿನ ಕಡೆ ನೋಡಲೇ ಇಲ್ಲ. ನೋಡುತ್ತಿಲ್ಲವೆಂದು ತೋರಿಸಲು ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದಳು.

ಮೊನ್ನೆ ಫೋನು ಬಂತು. ರತ್ನಕ್ಕನ ದನಿ ನನಗೂ ಕೇಳಿಸುವಷ್ಟಿತ್ತು. "ಪುಡಿ ಮುಗದೈತಿ, ಜಲ್ದಿ ಇನ್ನ ಅರವತ್ತು ಕಳಸು! ಒಬ್ಬಾಕಿ ಅಂತೂ ಎರಡು ಪೊಟ್ಟಣ ಊರಿಗೆ ಒಯ್ದಾಳ ನೋಡವ್ವ. ಸು-ಮಂ-ಗ-ಲಾ ಅಂತ ನನ್ನ ಕಡಿಂದ ಕಲ್ತು ಹೋದ್ಲು." ಫೋನು ಇಟ್ಟು ಸುಮಂಗಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತಾನೇ ಒಮ್ಮೆ ಮೆಲ್ಲಗೆ, ವಿದೇಶದವರ ಹಾಗೆ, "ಸು-ಮಂ-ಗ-ಲಾ" ಎಂದು ಹೇಳಿ ನೋಡಿ, ನೆಲಕ್ಕೆ ಕೂತು ನಕ್ಕಳು. ನಾನೂ ಕೂತೆ. ಕಿತ್ತಳೆ ಸಿಪ್ಪೆ ಮತ್ತೆ ಬಿಸಿಲಿಗೆ ಬಿತ್ತು.

ಇನ್ನು ಆ ಸಣ್ಣ ಸಂಗತಿ. ಮರುದಿನ ಆಫೀಸಿನಲ್ಲಿ, ತಿಂಗಳಿಂದ ಕೆಟ್ಟು ಕೂತು ಅಂದಷ್ಟೇ ರಿಪೇರಿಯಾಗಿದ್ದ ಹಾಜರಿಯ ಮಶೀನಿನ ಮೇಲೆ ಬಲಗೈ ಹೆಬ್ಬೆಟ್ಟು ಇಟ್ಟೆ. ಕೆಂಪು ದೀಪ. ಒರೆಸಿ ಇಟ್ಟೆ, ಊದಿ ಇಟ್ಟೆ, ನಮಸ್ಕಾರ ಮಾಡಿ ಇಟ್ಟೆ. ಇಪ್ಪತ್ತು ದಿನದ ತಿಕ್ಕಾಟಕ್ಕೆ ಗೆರೆಗಳೆಲ್ಲ ನುಣ್ಣಗಾಗಿ ಹೋಗಿದ್ದವು. ಹಿಂದೆ ಹನ್ನೆರಡು ಜನ ಸಾಲುಗಟ್ಟಿ ನಗುತ್ತಿರುವಾಗ, ಆ ಮಶೀನು ಅಂದು ಸಂಡೂರಿನಲ್ಲಿ ಸುಮಂಗಲಾಳ ಅಪ್ಪ ಅಂದ ಹಾಗೆಯೇ, ಇವರಲ್ಲ ಎಂದುಬಿಟ್ಟಿತು.

ಸಂಜೆ ಮನೆಗೆ ಬಂದು ಹೇಳಿದೆ. ಸುಮಂಗಲಾ ನನ್ನ ಹೆಬ್ಬೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಕಿವಿ ತೋರಿಸಬೇಕಿತ್ತಿಲ್ರಿ," ಅಂದಳು.