ಮಿದುಳಿನ ಬದು

ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆಗೆದದ್ದೇ ತಪ್ಪಾಯಿತು. ಕಣ್ಣಿಗೆ ಕಂಡದ್ದು ಮಿದುಳಿನಲ್ಲಿ ಎಲ್ಲೆಲ್ಲಿ ಮೂಡುತ್ತದೆ ಎಂದು ನಕ್ಷೆ ಮಾಡುವುದು ನನ್ನ ಕೆಲಸ. ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಲು ಯಾರೂ ಸಿಗದೆ ನಾನೇ ಮಲಗಿದ್ದೆ. ಬಂದ ಬಣ್ಣಬಣ್ಣದ ಚಿತ್ರದಲ್ಲಿ ಒಂದೊಂದು ಭಾಗಕ್ಕೂ ಗಡಿಗೆರೆ ಎಳೆದು ಸಂಜೆಯೊಳಗೆ ಪ್ರೊಫೆಸರಿಗೆ ಕಳಿಸಬೇಕಿತ್ತು.

ಪಕ್ಕದಲ್ಲಿ ಕೂತಿದ್ದ ಕ್ಯಾತನಹಳ್ಳಿಯ ಯಜಮಾನರು ಬಗ್ಗಿ ನೋಡಿದರು. “ಯಾವ ಸರ್ವೆ ನಂಬರವ್ವಾ ಇದು?”

“ಜಮೀನಲ್ಲ ಯಜಮಾನ್ರೇ, ನನ್ನ ಮಿದುಳು.”

“ಏನಾದ್ರೂ ಆಗ್ಲಿ, ಬದು ತಪ್ಪಾಗೈತೆ ಕಣವ್ವ. ಕೆಂಪು, ಹಳದಿ, ಹಸ್ರು ಅಂತ ಬಂದು, ಇಲ್ಲಿ ವಾಪಸ್ ಹಳದಿಗೆ ತಿರುಗ್ತಾ ಐತೆ. ಟ್ರಾಕ್ಟರು ತಿರುಗೋ ಜಾಗದಲ್ಲಿ ತಾನೇ ಬದು ಇರಾದು? ನೀನು ಪಕ್ಕದೋರ್ದು ಒತ್ತುವರಿ ಮಾಡ್ಬುಟ್ಟಿದ್ದೀಯ.”

“ಪಕ್ಕದ್ದೂ ನಂದೇ!”

“ಎಲ್ರೂ ಅಂಗೇ ಅನ್ನಾದು.”

ನೋಡಿದರೆ ಅವರ ಮಾತೇ ಸರಿ. ಬಣ್ಣ ಹಿಂದಕ್ಕೆ ತಿರುಗುವಲ್ಲೇ ಗಡಿ, ನಾನೇ ಓದಿ ಪಾಸಾದ ಪಾಠ. ಅವರ ಎದುರಿಗೇ ಗೆರೆ ಸರಿಸಿದೆ.

ಮೊದಲು ತೋರಿಸಿದ್ದ ಕರಡಿನಲ್ಲಿದ್ದ ಗಡಿ ಇದ್ದಕ್ಕಿದ್ದಂತೆ ಯಾಕೆ ಬದಲಾಯಿತೆಂದು ಮರುದಿನ ಪ್ರೊಫೆಸರು ಕೇಳಿದರು.

“ಅಕ್ಕಪಕ್ಕದವರಿಂದ ತಕರಾರು ಬಂತು ಸಾರ್” ಎಂದೆ.